ಲಿಫ್ಟ್ ನಿಲ್ಲದ ಮಹಡಿ

ಸಿಂಗಪುರದ ಬೂನ್ ಲೇಯಲ್ಲಿ ನಾನು ಬೆಳೆದ ಮನೆ ಹತ್ತನೇ ಮಹಡಿಯಲ್ಲಿತ್ತು. ಆ ಕಾಲದ ಕಟ್ಟಡಗಳಲ್ಲಿ ಲಿಫ್ಟ್ ಎಲ್ಲ ಮಹಡಿಯಲ್ಲೂ ನಿಲ್ಲುತ್ತಿರಲಿಲ್ಲ. ಒಂಬತ್ತರಲ್ಲಿ ಇಳಿದು, ಬೆಳಕು ಕಡಿಮೆಯಿದ್ದ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬರಬೇಕಾಗಿತ್ತು. ಮುಂದೆ ಕಬ್ಬಿಣದ ಗೇಟು, ಅದರ ಹಿಂದೆ ಮರದ ಬಾಗಿಲು. ಗಾಳಿಗಾಗಿ ಮರದ ಬಾಗಿಲನ್ನು ಹಗಲೆಲ್ಲ ತೆರೆದೇ ಇಡುತ್ತಿದ್ದೆವು. ಹಾಲಿನಲ್ಲಿ ಕುಳಿತವರಿಗೆ ಕಾರಿಡಾರಿನಲ್ಲಿ ಹೋಗಿಬರುವವರು ಕಾಣುತ್ತಿದ್ದರು, ಅವರಿಗೆ ನಾವೂ ಕಾಣುತ್ತಿದ್ದೆವು. ಅಡುಗೆಮನೆ ಕಿಟಕಿಯ ಹೊರಗೆ, ಬಟ್ಟೆ ಒಣಗಿಸುವ ಬಿದಿರನ್ನು ಸಿಕ್ಕಿಸಲು ಕೊಳವೆಗಳಿದ್ದವು. ಅಮ್ಮ ತನ್ನ ಒಳ್ಳೆಯ ಸೀರೆಗಳನ್ನೂ ನನ್ನ ಯೂನಿಫಾರ್ಮನ್ನೂ ಅಪ್ಪನ ಬಿಳಿ ಶರಟುಗಳನ್ನೂ ಆ ಬಿದಿರಿಗೆ ಹಾಕಿ ಹೊರಗೆ ಚಾಚುತ್ತಿದ್ದಳು. ಅಪ್ಪನ ಕೆಲಸದ ಬಟ್ಟೆ ಮಾತ್ರ ಬಚ್ಚಲಿನೊಳಗೇ, ಬಕೆಟ್ಟಿನ ಮೇಲೆ ನೀರು ತೊಟ್ಟಿಕ್ಕುತ್ತ ಒಣಗಬೇಕು. ಎಷ್ಟು ಒಗೆದರೂ ಅದರಿಂದ ಹಸಿ ಜೇಡಿಮಣ್ಣಿನ ವಾಸನೆ ಹೋಗುತ್ತಿರಲಿಲ್ಲ. ಬೇರೆಯವರ ಮನೆಯ ಬಚ್ಚಲಿಗೆ ಹೋಗಿಬಂದ ಮೇಲೆಯೇ ಅದು ನಮ್ಮ ಮನೆಯ ವಾಸನೆ ಎಂದು ನನಗೆ ತಿಳಿದದ್ದು. ಅಂದಿನಿಂದ ಶಾಲೆಗೆ ಹೊರಡುವ ಮುಂಚೆ ನನ್ನ ತೋಳನ್ನು ನಾನೇ ಮೂಸಿ ನೋಡಿಕೊಳ್ಳತೊಡಗಿದೆ.

ನಾವು ಕೋಲಾರದ ಚಿನ್ನದ ಗಣಿಯಿಂದ ಬಂದವರು. ಮುತ್ತಜ್ಜ, ಅಜ್ಜ, ಅಪ್ಪ ಎಲ್ಲರೂ ನೆಲದ ಕೆಳಗೆ ದುಡಿದವರೇ. ನಾನು ಹುಟ್ಟುವ ಹೊತ್ತಿಗೆ ಅಜ್ಜ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ತುಂಬಿಕೊಂಡು ತೀರಿಹೋಗಿದ್ದ. ಗಣಿಯ ಬಾವಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಯಾರ ಮನೆಗೆ ಹೋದರೂ ಮುಂದೇನು ಎಂಬ ಮಾತೇ. ಅದೇ ಹೊತ್ತಿಗೆ ಸಿಂಗಪುರದಲ್ಲಿ ನಗರದ ಕೆಳಗೆ ಎಂಆರ್‌ಟಿ ಎಂಬ ರೈಲಿಗಾಗಿ ಸುರಂಗ ತೋಡುತ್ತಿದ್ದಾರೆ, ಕತ್ತಲಿಗೂ ಸೆಕೆಗೂ ಹೆದರದ ಅನುಭವಿಗಳು ಬೇಕಂತೆ ಎಂದು ಒಬ್ಬ ಗುತ್ತಿಗೆದಾರನ ಕಡೆಯವರು ಊರಿಗೆ ಬಂದರು. ಅಪ್ಪ ಆಗ ಗಣಿಯಲ್ಲಿ ಫೋರ್‌ಮನ್. ಇಲ್ಲಿಯೂ ಅದೇ ಕೆಲಸ ಕೊಟ್ಟರು, ಸಂಸಾರವನ್ನು ಕರೆದುಕೊಂಡು ಬರಲು ಒಪ್ಪಿದರು, ಬಾಡಿಗೆ ಮನೆ ಹಿಡಿದುಕೊಟ್ಟರು. ಹೊರಡುವ ದಿನ ನಮ್ಮ ಲೈನ್ ಮನೆಗಳ ಹೆಂಗಸರೆಲ್ಲ ಬಂದು ಅಮ್ಮನ ಕೈ ಹಿಡಿದುಕೊಂಡು ಅತ್ತರು. ಅಮ್ಮ ಅಳಲಿಲ್ಲ. ಅಂಥ ಸಾಲುಮನೆಯಲ್ಲೇ ಹುಟ್ಟಿ, ಅಂಥದ್ದೇ ಇನ್ನೊಂದಕ್ಕೆ ಸೊಸೆಯಾಗಿ ಬಂದವಳು ಅವಳು. ಗುಡ್ಡದ ಮೇಲಿನ ಗಣಿ ಅಧಿಕಾರಿಗಳ ಬಂಗಲೆಗಳ ಬೇಲಿಯ ಹೊರಗೆ ನಿಂತು ಒಳಗಿನ ಗುಲಾಬಿ ತೋಟ ನೋಡುತ್ತಿದ್ದವಳನ್ನು ಒಮ್ಮೆ ಕಾವಲುಗಾರ ಕೋಲು ತೋರಿಸಿ ಓಡಿಸಿದ್ದನಂತೆ. ಅದನ್ನು ಅವಳು ನನಗೆ ಹೇಳಿದ್ದು ಒಮ್ಮೆ ಮಾತ್ರ. ಆದರೆ ಅವಳ ನಡಿಗೆಯಲ್ಲಿ, ತಲೆ ಬಾಚುವುದರಲ್ಲಿ, ನನ್ನ ಶೂಗಳನ್ನು ಉಜ್ಜುವ ರಭಸದಲ್ಲಿ ಅದು ದಿನವೂ ಇರುತ್ತಿತ್ತು.

ಅಪ್ಪನ ಅಮ್ಮ, ನನ್ನ ಅಜ್ಜಿ, ನಮ್ಮ ಜೊತೆಗೇ ಬಂದಳು. ಬರುವುದು ಬೇಡವೆಂದು ಅಮ್ಮ ಸೂಚನೆ ಕೊಟ್ಟಿದ್ದಳು, ಅಜ್ಜಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಅಜ್ಜಿ ಚಿಕ್ಕವಳಿದ್ದಾಗ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ನನ ಬಂಗಲೆಯಲ್ಲಿ ಅಡುಗೆಯವಳಿಗೆ ಕೈಸಹಾಯಕ್ಕಿದ್ದಳು. ಕ್ಯಾಪ್ಟನ್ ಅಂದರೆ ಹಡಗಿನವನಲ್ಲ, ಗಣಿಯ ಮೇಲ್ವಿಚಾರಕ. ಕಾರ್ನ್‌ವಾಲ್ ಎಂಬ ಸೀಮೆಯವರಂತೆ. ನಮ್ಮಲ್ಲಿ ಎಲ್ಲರೂ ಅವರನ್ನು ದೊರೆಗಳು ಎನ್ನುತ್ತಿದ್ದರು. ಆ ದೊರೆಸಾನಿ ಒಂದು ಮಧ್ಯಾಹ್ನ ಹಿಟ್ಟು ನಾದುತ್ತ, ಅರ್ಧ ತಮಿಳು ಅರ್ಧ ಕೈಸನ್ನೆಯಲ್ಲಿ, ಅಜ್ಜಿಗೆ ತನ್ನ ಅಂಗೈ ತೋರಿಸಿದ್ದಳಂತೆ. ಅವಳೂ ಹುಡುಗಿಯಾಗಿದ್ದಾಗ ತನ್ನೂರಿನ ತಾಮ್ರದ ಗಣಿಯ ಬಾಯಲ್ಲಿ ಕುಳಿತು ಸುತ್ತಿಗೆಯಿಂದ ಅದಿರು ಒಡೆದವಳು. ಗಣಿ ಮುಚ್ಚಿದಾಗ ಅವಳ ಅಣ್ಣಂದಿರು ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋದರು, ಅಲ್ಲಿಯೂ ಗಣಿಯೇ. ಇವಳ ಗಂಡ ಕೋಲಾರಕ್ಕೆ ಬಂದ. ತನ್ನೂರಿನಲ್ಲಿ ಗಣಿಯ ಆಳಾಗಿದ್ದವನು ನಮ್ಮಲ್ಲಿ ದೊರೆಯಾದ. ಕ್ಲಬ್ಬಿನ ಹೆಂಗಸರಿಗೆ ಇದೆಲ್ಲ ಹೇಳಬೇಡವೆಂದು ಅಜ್ಜಿಯ ಬಾಯಿಗೆ ಹಿಟ್ಟಿನ ಬೆರಳು ಇಟ್ಟಳಂತೆ. ಅಜ್ಜಿ ಈ ಕಥೆಯನ್ನು ನಗುತ್ತ ಹೇಳುತ್ತಿದ್ದಳು. ಅಮ್ಮ ನಗದೆ ಕೇಳುತ್ತಿದ್ದಳು. ಕಡಲು ದಾಟಿದರೆ ಮನುಷ್ಯ ತನಗೆ ಬೇಕಾದ ಹೆಸರು ಇಟ್ಟುಕೊಳ್ಳಬಹುದು ಎಂಬುದನ್ನಷ್ಟೇ ಅವಳು ಅದರಿಂದ ತೆಗೆದುಕೊಂಡಳೆಂದು ಈಗ ನನಗೆ ಅನಿಸುತ್ತದೆ.

ನಾವು ಬಂದ ವರ್ಷವೇ ಕ್ಲೆಮೆಂಟಿಯಲ್ಲಿ ವಸಂತಾ ಆಂಟಿಯ ಮನೆಯ ಗಣೇಶನ ಪೂಜೆಗೆ ಕರೆ ಬಂತು. ಅವರು ಮೈಸೂರಿನವರು, ಗಂಡ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದರು. ನಮಗೆ ಅವರ ಪರಿಚಯವಾದದ್ದು ದೇವಸ್ಥಾನದಲ್ಲಿ, ಅಮ್ಮ ನನ್ನನ್ನು ಕನ್ನಡದಲ್ಲಿ ಗದರಿದ್ದು ಕೇಳಿ. ಅಪ್ಪನಿಗೆ ಶಿಫ್ಟ್ ಇತ್ತು. ಅಮ್ಮ ಮದುವೆಯ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿ ಬ್ಯಾಂಕಿನವರು, ಇಂಜಿನಿಯರುಗಳು, ಅವರ ಹೆಂಡತಿಯರು. ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರು ಮಾತಿನ ಮಧ್ಯೆ ಅಮ್ಮನ ಕನ್ನಡದಲ್ಲಿ ತಮಿಳು ತೆಲುಗು ಎಲ್ಲ ಕೇಳಿಸುತ್ತದಲ್ಲ, ಯಾವ ಕಡೆಯವರು ಎಂದು ಕೇಳಿದರು. ಕೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಮ್ಮನ ಕಿವಿ ಕೆಂಪಾಯಿತು. ಬೆಂಗಳೂರಿನ ಹತ್ತಿರ, ಅಂದಳು. ಆಗ ವಸಂತಾ ಆಂಟಿ ಕೋಸಂಬರಿ ಬಡಿಸುತ್ತ ಕೇಳಿದರು:

"ನಿಮ್ಮ ಯಜಮಾನ್ರು ಏನ್ ಮಾಡ್ತಾರೆ ಜಯಾ?"

"ಎಂಆರ್‌ಟಿ ಪ್ರಾಜೆಕ್ಟಲ್ಲಿ ಇಂಜಿನಿಯರ್," ಎಂದಳು ಅಮ್ಮ.

ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅವಳು ನನ್ನ ಎಲೆಯಲ್ಲಿ ಬಿದ್ದಿದ್ದ ಕರಿಬೇವನ್ನು ಆಯ್ದು ಪಕ್ಕಕ್ಕಿಡುತ್ತಿದ್ದಳು.

ಒಂದು ಮಾತಿನ ಸುತ್ತ ಒಂದು ಮನೆ ಹೇಗೆ ಬದಲಾಗಬಹುದು ಎಂದು ನಾನು ಕಣ್ಣಾರೆ ಕಂಡೆ. ಅಮ್ಮ ಅಪ್ಪನಿಗೊಂದು ಬ್ರೀಫ್‌ಕೇಸು ತಂದಳು. ಕೆಲಸ ಮುಗಿಸಿ ಸೈಟಿನಲ್ಲೇ ಸ್ನಾನ ಮಾಡಿ, ಬಿಳಿ ಶರಟು ಹಾಕಿಕೊಂಡು, ಕೊಳೆ ಬಟ್ಟೆಯನ್ನು ಆ ಪೆಟ್ಟಿಗೆಯಲ್ಲಿ ಮಡಿಸಿಟ್ಟುಕೊಂಡು ಬರಬೇಕು ಎಂದಳು. ಅಪ್ಪ ಮೊದಲ ದಿನ ನಕ್ಕ. ಪೆಟ್ಟಿಗೆ ಹಿಡಿದು ಹಾಲಿನಲ್ಲಿ ಅತ್ತಿಂದಿತ್ತ ನಡೆದು ನನ್ನನ್ನೂ ನಗಿಸಿದ. ಆಮೇಲೆ ಅದು ರೂಢಿಯಾಯಿತು. ಕನ್ನಡದವರ ಯಾವ ಸಮಾರಂಭಕ್ಕೂ ಅಪ್ಪ ಬರುತ್ತಿರಲಿಲ್ಲ. ಇಂಜಿನಿಯರುಗಳು ಅವನನ್ನು ಏನಾದರೂ ಕೇಳಿಬಿಟ್ಟರೆ ಎಂಬ ಭಯ ಅಮ್ಮನಿಗೆ. ಸದಾ ಡ್ಯೂಟಿ ಎಂದು ಹೇಳಿ ಹೇಳಿ, ವಸಂತಾ ಆಂಟಿಯ ಬಳಗದಲ್ಲಿ ಅವನು ಯಾರೂ ಕಾಣದ ದೊಡ್ಡ ಅಧಿಕಾರಿಯಾಗಿಬಿಟ್ಟ. ನನಗೆ ಅಮ್ಮ ಸುಳ್ಳು ಹೇಳು ಎಂದು ಯಾವತ್ತೂ ಹೇಳಿಕೊಡಲಿಲ್ಲ. ಯಾರಾದರೂ ಕೇಳುವ ಮುಂಚೆಯೇ ಎದ್ದು ಬೇರೆ ಕಡೆ ಹೋಗುವುದನ್ನು ನಾನೇ ಕಲಿತೆ.

ಕಷ್ಟವಾದದ್ದು ಅಜ್ಜಿಯ ವಿಷಯ. ಅವಳಿಗೆ ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಬೆಳಿಗ್ಗೆ ಕಟ್ಟಡದ ಬುಡದಲ್ಲಿ ಗೋಡೆಯಿಲ್ಲದೆ ತೆರೆದಿದ್ದ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿಗೆ ಹೋಗಿ ತಮಿಳಿನ ಮುದುಕಿಯರ ಜೊತೆ, ಭಾಷೆಯೇ ಬಾರದ ಚೀನೀ ಮುದುಕಿಯ ಜೊತೆಗೂ, ಮಗ ಭೂಮಿಯೊಳಗೆ ರೈಲಿಗೆ ದಾರಿ ಕೊರೆಯುತ್ತಾನೆ ಎಂದು ಕೈ ತಿರುಗಿಸಿ ತೋರಿಸುತ್ತಿದ್ದಳು. ಮಾರ್ಕೆಟ್ಟಿನಲ್ಲಿ ಸಣ್ಣ ಒಣಮೀನು ಸಿಗುತ್ತದೆಂದು ಗೊತ್ತಾದ ದಿನ ಊರೇ ಸಿಕ್ಕಷ್ಟು ಖುಷಿಪಟ್ಟಳು. ಅದನ್ನು ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಹುರಿದು, ಮುದ್ದೆ ಸೊಪ್ಪಿನ ಸಾರಿನ ಜೊತೆ ಅಪ್ಪನಿಗೆ ಬಡಿಸಿದರೆ ಅಪ್ಪ ಮಾತಿಲ್ಲದೆ ಉಣ್ಣುತ್ತಿದ್ದ. ವಸಂತಾ ಆಂಟಿಯ ಬಳಗದವರು ಹೆಚ್ಚಿನವರು ಸಸ್ಯಾಹಾರಿಗಳು. ಅವರು ಬರುತ್ತಾರೆಂದರೆ ಹಿಂದಿನ ದಿನದಿಂದಲೇ ಮನೆಯಲ್ಲಿ ಊದುಬತ್ತಿ, ಎಲ್ಲ ಕಿಟಕಿ ತೆರೆದು ಫ್ಯಾನು. ಅಮ್ಮ ಅಜ್ಜಿಯನ್ನು ಒಳಕೋಣೆಗೆ ಕಳಿಸಿ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಅತ್ತೆಗೆ ಹುಷಾರಿಲ್ಲ, ಮಲಗಿದ್ದಾರೆ ಎಂದು ಬಂದವರಿಗೆ ಹೇಳಿಕೆ. ಒಂದು ಸಲ ಇದಕ್ಕೆ ಜಗಳವಾಯಿತು. ಅಜ್ಜಿ ಅನ್ನದ ತಟ್ಟೆ ಸರಿಸಿ, ನಾನೇನ್ ಹೆಣವಾ, ಬಾಗಿಲು ಹಾಕಿ ಇಡೋಕೆ, ಎಂದು ಕೇಳಿದಳು. ಅಮ್ಮ, ನನ್ನ ಮಗಳು ನಾಳೆ ಇವರ ಮಕ್ಕಳ ಸಮ ಕೂತ್ಕೋಬೇಕು, ಅದಕ್ಕೆ ನೀವು ಸ್ವಲ್ಪ ಹೊತ್ತು ಸುಮ್ಮನಿರೋಕೆ ಆಗಲ್ವಾ, ಎಂದಳು. ನನ್ನ ಹೆಸರು ಬಂದ ಮೇಲೆ ಅಜ್ಜಿ ಮತ್ತೆ ಜಗಳಕ್ಕೆ ನಿಲ್ಲಲಿಲ್ಲ. ಮುಂದಿನ ಸಲ ಬೆಲ್ ಆಗುವ ಮುಂಚೆಯೇ ತಾನಾಗಿ ಎದ್ದು ಒಳಗೆ ಹೋದಳು. ಅವಳ ಬೆನ್ನ ಹಿಂದೆ ಬಾಗಿಲು ಎಳೆದುಕೊಂಡವಳು ನಾನು. ಅಮ್ಮ ಹೇಳಿರಲಿಲ್ಲ.

ಮುಂದಿನ ವರ್ಷ ಗೌರಿ ಹಬ್ಬಕ್ಕೆ ಅಮ್ಮ ಮೊದಲ ಬಾರಿಗೆ ಎಲ್ಲರನ್ನೂ ಒಟ್ಟಿಗೆ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಕರೆದಳು. ಮಧ್ಯಾಹ್ನ ಹಾಲಿನ ತುಂಬ ರೇಷ್ಮೆ ಸೀರೆಗಳು. ಒಂಬತ್ತರಿಂದ ಮೆಟ್ಟಿಲು ಹತ್ತಿ ಬಂದದ್ದಕ್ಕೆ ಏದುಸಿರು ಬಿಡುತ್ತ ನಗುತ್ತಿದ್ದರು. ಅಮ್ಮ ಒಬ್ಬಟ್ಟು ಮಾಡಿದ್ದಳು, ಎಲ್ಲರೂ ಹೊಗಳಿದರು, ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ವಸಂತಾ ಆಂಟಿಗೆ ಬಾಗಿನ ಕೊಡುತ್ತಿರುವಾಗ ಗೇಟಿನ ಸದ್ದಾಯಿತು. ಅಪ್ಪ ನಿಂತಿದ್ದ. ತಲೆಯಿಂದ ಬೂಟಿನವರೆಗೆ ಬೂದು ಬಣ್ಣದ ಜೇಡಿ ಮೆತ್ತಿಕೊಂಡು ಒಣಗುತ್ತಿತ್ತು. ಎಡಗೈಗೆ ದಪ್ಪ ಬ್ಯಾಂಡೇಜು. ಸುರಂಗದೊಳಗೆ ಮಣ್ಣು ಜರಿದು ಅವನ ಕೈ ಕಬ್ಬಿಣಕ್ಕೂ ಮಣ್ಣಿಗೂ ನಡುವೆ ಸಿಕ್ಕಿತ್ತಂತೆ; ಕ್ಲಿನಿಕ್ಕಿನಲ್ಲಿ ಕಟ್ಟು ಕಟ್ಟಿ ಲಾರಿಯಲ್ಲಿ ತಂದು ಕೆಳಗೆ ಇಳಿಸಿ ಹೋಗಿದ್ದರು. ಬಿಳಿ ಶರಟು, ಪೆಟ್ಟಿಗೆ, ಬೀಗದ ಕೈ ಎಲ್ಲ ಸೈಟಿನಲ್ಲೇ ಉಳಿದಿತ್ತು. ಇದನ್ನೆಲ್ಲ ನಾವು ತಿಳಿದದ್ದು ಆಮೇಲೆ. ಆಗ ಕಂಡದ್ದು ಗೇಟಿನ ಸರಳುಗಳ ಆಚೆ ಒಬ್ಬ ಮಣ್ಣಿನ ಮನುಷ್ಯ.

"ಯಾರದು ಜಯಾ?" ಎಂದು ವಸಂತಾ ಆಂಟಿ ಕೇಳಿದರು.

"ಯಾರೋ ಸೈಟಿನವರು. ಇವರನ್ನ ಕೇಳ್ಕೊಂಡು ಬಂದಿದ್ದಾರೆ."

ಅಮ್ಮನ ಕೈಯಲ್ಲಿ ಇನ್ನೂ ಕುಂಕುಮದ ಬಟ್ಟಲಿತ್ತು. ಅಪ್ಪ ಅವಳನ್ನು ನೋಡಿದ. ಆಮೇಲೆ ಅವಳ ಹಿಂದೆ ಕುಳಿತವರನ್ನು ನೋಡಿದ. ನನ್ನ ಕಡೆ ನೋಡಲಿಲ್ಲ. ನೋಡದೆ ಇರಲಿ ಎಂದು ನಾನು ಉಸಿರು ಹಿಡಿದು ಕುಳಿತಿದ್ದೆ. ಅವನು ಆರೋಗ್ಯವಾಗಿದ್ದ ಕೈಯನ್ನು ಹಣೆಗೆ ಮುಟ್ಟಿಸಿ, ತಮಿಳಿನಲ್ಲಿ, ಸಾರ್ ಇಲ್ವಾ ಮೇಡಮ್, ಪರವಾಗಿಲ್ಲ, ಆಮೇಲೆ ಬರ್ತೀನಿ, ಎಂದ. ತಿರುಗಿ ಹೊರಟುಹೋದ. ಬೂಟಿನ ಮಣ್ಣು ಕಾರಿಡಾರಿನಲ್ಲಿ ಉದುರುತ್ತ ಹೋಯಿತು.

ಒಳಕೋಣೆಯ ಬಾಗಿಲು ತೆರೆಯಿತು. ಅಜ್ಜಿಗೆ ಮಗನ ದನಿ ಯಾವ ಭಾಷೆಯಲ್ಲಿ ಕೇಳಿಸಿದರೂ ಗೊತ್ತಾಗುತ್ತಿತ್ತು. ಮಾಸಿದ ಸೀರೆಯಲ್ಲಿ, ಬರಿಗಾಲಲ್ಲಿ, ಕುಳಿತ ಹೆಂಗಸರ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ತಂದಳು. ಅತ್ತೆ, ಎಂದು ಅಮ್ಮ ಮೆಲ್ಲಗೆ ಕರೆದಳು. ಅಜ್ಜಿ ನನ್ನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಗೆ ನಡೆದಳು. ಅಪ್ಪ ಹೆಚ್ಚು ದೂರ ಹೋಗಿರಲಿಲ್ಲ. ಹತ್ತಕ್ಕೂ ಒಂಬತ್ತಕ್ಕೂ ನಡುವಿನ ಮೆಟ್ಟಿಲ ಮೇಲೆ, ಗೋಡೆಗೆ ತಲೆ ಆನಿಸಿ ಕುಳಿತಿದ್ದ. ಅಜ್ಜಿ ಅವನ ಪಕ್ಕ ಕುಳಿತು ಸೆರಗನ್ನು ನೀರಲ್ಲಿ ಅದ್ದಿ ಮುಖ ಒರೆಸತೊಡಗಿದಳು. ಮೊದಲು ಹಣೆ ಕಂಡಿತು, ಆಮೇಲೆ ಕೆನ್ನೆ.

"ಯಾಕ್ ಕಿಟ್ಟಾ ಇಲ್ಲಿ ಕೂತಿದ್ದೀಯಾ? ಅದು ನಿನ್ ಮನೆ ಅಲ್ವೇನೋ?"

ಅಪ್ಪ ಕಟ್ಟು ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡ. ಹಾಗೆ ಎಷ್ಟು ಹೊತ್ತು ಕುಳಿತೆವೋ. ಮೇಲಿನಿಂದ ಬಳೆಗಳ ಸದ್ದು, ಚಪ್ಪಲಿಯ ಸದ್ದು ಬಂತು. ಆ ಮೆಟ್ಟಿಲು ಬಿಟ್ಟರೆ ಲಿಫ್ಟಿಗೆ ಹೋಗಲು ಅವರಿಗೂ ಬೇರೆ ದಾರಿ ಇರಲಿಲ್ಲ. ವಸಂತಾ ಆಂಟಿ ಮುಂದೆ, ಉಳಿದವರು ಹಿಂದೆ, ಎಲ್ಲರ ಕೈಯಲ್ಲೂ ಅಮ್ಮ ಕೊಟ್ಟ ತೆಂಗಿನಕಾಯಿ, ರವಿಕೆಕಣ. ಅಪ್ಪ ತಟ್ಟನೆ ಎದ್ದು ಗೋಡೆಗೆ ಅಂಟಿಕೊಂಡು ನಿಂತ. ಅವರ ಸೀರೆಗೆ ತನ್ನ ಮಣ್ಣು ತಾಗಬಾರದೆಂದು ಹೊಟ್ಟೆಯನ್ನೂ ಒಳಕ್ಕೆ ಎಳೆದುಕೊಂಡ. ವಸಂತಾ ಆಂಟಿ ಅಜ್ಜಿಯ ಒದ್ದೆ ಸೆರಗನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಮುಖ ಅಪ್ಪನದೇ ಎಂದು ಎಲ್ಲರೂ ಹೇಳುತ್ತಿದ್ದರು. ಈಗ ಪಕ್ಕದಲ್ಲೇ ತೊಳೆದ ಮುಖ ಇತ್ತು.

"ಕೈ ತುಂಬ ನೋಯ್ತಿದ್ಯಾ?" ಎಂದು ಅವರು ಕನ್ನಡದಲ್ಲೇ ಕೇಳಿದರು.

"ಇಲ್ಲ ಮೇಡಮ್," ಎಂದ ಅಪ್ಪ, ಕನ್ನಡದಲ್ಲೇ.

ತಾನು ತಮಿಳು ಮರೆತದ್ದು ಅವನಿಗೆ ಗೊತ್ತಾದದ್ದು ಹೇಳಿಬಿಟ್ಟ ಮೇಲೆ. ಆಂಟಿ ಇಳಿದುಹೋದರು. ಉಳಿದವರೂ ಒಬ್ಬೊಬ್ಬರಾಗಿ, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ನಮ್ಮನ್ನು ದಾಟಿದರು.

ಕಟ್ಟು ನೆನೆಯಬಾರದು ಎಂದು ಅಂದು ಸಂಜೆ ಅಮ್ಮನೇ ಅಪ್ಪನಿಗೆ ಸ್ನಾನ ಮಾಡಿಸಿದಳು. ಬಚ್ಚಲಿನ ಬಾಗಿಲು ಪೂರ್ತಿ ಹಾಕಿರಲಿಲ್ಲ. ನೀರು ಹೊಯ್ಯುವ ಸದ್ದು ನಿಂತಾಗ ಅವರ ಮಾತು ನನಗೆ ಕೇಳಿಸಿತು.

"ನೀವ್ಯಾಕೆ ಹಂಗಂದ್ರಿ? ನಾನೇ ಗಂಡ ಅಂತ ಒಂದು ಮಾತು ಹೇಳ್ಬೋದಿತ್ತಲ್ಲ."

"ನೀನು ಆಗ್ಲೇ ಹೇಳ್ಬಿಟ್ಟಿದ್ದೆ ಜಯಾ. ಅಷ್ಟು ಜನದ ಮುಂದೆ ನಿನ್ನ ಸುಳ್ಳುಗಾತಿ ಮಾಡ್ಲಾ?"

ಅಮ್ಮ ಅತ್ತಳೋ ಏನೋ, ನನಗೆ ಕೇಳಿಸಲಿಲ್ಲ. ನೀರಿನ ಸದ್ದು ಮತ್ತೆ ಶುರುವಾಯಿತು.

ಅಜ್ಜಿ ಮಾರನೆಯ ದಿನವೇ ಊರಿಗೆ ಹೋಗುತ್ತೇನೆ ಎಂದಳು. ಅಪ್ಪ ಬೇಡಿಕೊಂಡ, ಅವಳು ಮಣಿಯಲಿಲ್ಲ. ಅಮ್ಮನೇ ಅವಳ ಬಟ್ಟೆ ಮಡಿಸಿ ಕಟ್ಟಿದಳು, ಒಂದು ಡಬ್ಬಿ ಒಣಮೀನನ್ನೂ ಇಟ್ಟಳು. ಏರ್‌ಪೋರ್ಟಿನಲ್ಲಿ ಅಮ್ಮ ಕಾಲಿಗೆ ಬಿದ್ದಾಗ ಅಜ್ಜಿ ಅವಳ ತಲೆ ಸವರಿದಳು. ಕೋಪವಿರಲಿಲ್ಲ.

"ಆ ದೊರೆಸಾನಿ ನನ್ಹತ್ರನಾದ್ರೂ ಹೇಳ್ಕೊಂಡ್ಲು ಕಣೆ. ನೀನು ಯಾರ್ ಹತ್ರ ಹೇಳ್ಕೋತೀಯಾ?"

ಅಜ್ಜಿ ಲೈನ್ ಮನೆಯಲ್ಲಿ ತಂಗಿಯ ಮಗಳ ಜೊತೆ ಇದ್ದು, ಅಲ್ಲೇ ತೀರಿಕೊಂಡಳು. ನಾವು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವಸಂತಾ ಆಂಟಿ ನಮ್ಮನ್ನು ಕರೆಯುವುದು ಬಿಡುತ್ತಾರೆಂದು ಅಮ್ಮ ಕಾದಿದ್ದಳು. ಅವರು ಬಿಡಲಿಲ್ಲ. ಹಬ್ಬ ಬಂದಾಗಲೆಲ್ಲ ಫೋನು ಮಾಡಿದರು. ಅಮ್ಮ ಹೋದಾಗಲೆಲ್ಲ, ನಾಲ್ಕು ಜನರ ಮುಂದೆ, ನಿಮ್ಮ ಇಂಜಿನಿಯರ್ ಸಾಹೇಬ್ರು ಹೇಗಿದ್ದಾರೆ ಜಯಾ, ಎಂದು ವಿಚಾರಿಸುತ್ತಿದ್ದರು. ಅದು ಮರ್ಯಾದೆ ಉಳಿಸಲು ಆಡಿದ ಮಾತೋ, ಚುಚ್ಚಿ ಆಡಿದ್ದೋ ಅಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಚೆನ್ನಾಗಿದ್ದಾರೆ, ಎನ್ನುತ್ತಿದ್ದಳು. ಮನೆಗೆ ಬಂದು ಸೀರೆ ಬಿಚ್ಚಿಟ್ಟು ಬಹಳ ಹೊತ್ತು ಮುಖ ತೊಳೆಯುತ್ತಿದ್ದಳು. ಅಪ್ಪ ಬಿಳಿ ಶರಟು ಬಿಡಲಿಲ್ಲ. ಈಗ ಅಮ್ಮ ಹೇಳದಿದ್ದರೂ ಇನ್ನೂ ಹೆಚ್ಚು ಹೊತ್ತು ಸೈಟಿನಲ್ಲಿ ಸ್ನಾನ ಮಾಡಿ, ಉಗುರಿನ ಸಂದಿಯನ್ನೂ ತಿಕ್ಕಿ ತೊಳೆದುಕೊಂಡು ಬರುತ್ತಿದ್ದ. ಮೊದಲ ರೈಲು ಓಡಿದಾಗ ಇಡೀ ಕ್ಲಾಸಿನವರು ಅದರಲ್ಲಿ ಹೋಗಿಬಂದೆವು. ಇದು ನಮ್ಮಪ್ಪ ತೋಡಿದ್ದು ಎಂದು ಹೇಳಲು ಪಕ್ಕದವಳ ಕಡೆ ತಿರುಗಿದೆ, ಹೇಳದೆ ಬಿಟ್ಟೆ. ಕಿಟಕಿಯ ಹೊರಗಿನ ಕತ್ತಲನ್ನು ನೋಡುತ್ತ ಕುಳಿತೆ.

ಈಗ ಅವರಿಬ್ಬರೂ ನನ್ನ ಜೊತೆ ಇದೇ ಸಿಂಗಪುರದ ಹೌಗಾಂಗ್‌ನಲ್ಲಿದ್ದಾರೆ. ಅಪ್ಪನ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಅವರ ನಡುವೆ ಆ ಮಧ್ಯಾಹ್ನದ ಮಾತು ಮತ್ತೆ ಬಂದದ್ದು ನಾನು ಕೇಳಿಲ್ಲ. ಮೊನ್ನೆ ಪಕ್ಕದ ಬ್ಲಾಕಿಗೆ ಹೊಸದಾಗಿ ಶಿಫ್ಟ್ ಆದ ಕನ್ನಡದ ಗಂಡ ಹೆಂಡತಿ ಮಗುವಿನ ಜೊತೆ ನಮ್ಮಲ್ಲಿಗೆ ಬಂದಿದ್ದರು. ಇಬ್ಬರೂ ಬ್ಯಾಂಕಿನಲ್ಲಿದ್ದಾರೆ. ಏನು ಬೇಕು ಎಂದು ಕೇಳಿದರೆ ಮಗು ಇಲ್ಲಿಯ ಇಂಗ್ಲಿಷಿನಲ್ಲಿ "ಡೋಂಟ್ ವಾಂಟ್ ಲಾ" ಎನ್ನುತ್ತ ಸೋಫಾದ ಸುತ್ತ ಓಡುತ್ತಿತ್ತು. ಕಾಫಿ ಕುಡಿಯುತ್ತ, ಇನ್ನೂ ಹುಡುಗಿಯಂತಿದ್ದ ಅದರ ತಾಯಿ ಕೇಳಿದಳು:

"ಅಂಕಲ್, ನೀವು ರಿಟೈರ್ ಆಗೋ ಮುಂಚೆ ಏನ್ ಮಾಡ್ತಿದ್ರಿ?"

ಅಪ್ಪ ಒಂದು ಕ್ಷಣ ಅಮ್ಮನ ಕಡೆ ನೋಡಿದ.

"ಎಂಆರ್‌ಟೀಲಿ ಇಂಜಿನಿಯರ್ ಆಗಿದ್ದೆ," ಎಂದ.

ಅಮ್ಮ ಲೋಟವನ್ನು ಟೀಪಾಯಿಯ ಮೇಲೆ ಇಟ್ಟಳು. ಅವಳ ದನಿ ಸಣ್ಣದಾಗಿತ್ತು.

"ಇಲ್ಲಮ್ಮ. ಇಂಜಿನಿಯರ್ ಅಲ್ಲ. ಸುರಂಗ ತೋಡೋರ ಜೊತೆ ಫೋರ್‌ಮನ್ ಆಗಿದ್ರು. ಮಣ್ಣಿನ ಕೆಲಸ. ಊರಲ್ಲೂ ಗಣಿಯೇ."

ವಾವ್, ಸೂಪರ್ ಅಂಕಲ್, ಎಂದಳು ಆ ಹುಡುಗಿ, ಮನಸಾರೆ. ಅವಳ ಗಂಡ ಯಾವ ಲೈನ್, ಯಾವ ಸ್ಟೇಷನ್ ಎಂದು ಕುತೂಹಲದಿಂದ ಕೇಳಲು ಮುಂದೆ ಬಾಗಿದ. ಅಪ್ಪನ ಮುಖ ಕಿವಿಯವರೆಗೆ ಕೆಂಪಾಗಿತ್ತು. ಮಡಚದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ನೆಲ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ, ನಾನು ಒಂಚೂರು ಮಲಕ್ಕೋತೀನಿ, ಎಂದು ಯಾರಿಗೋ ಎಂಬಂತೆ ಹೇಳಿ, ಎದ್ದು ಒಳಗೆ ಹೋದ.

ಅವರು ಹೋದ ಮೇಲೆ ನಾನು ಲೋಟಗಳನ್ನು ಎತ್ತುತ್ತಿದ್ದೆ. ಅಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅದೇ ಜಾಗದಲ್ಲಿ ಕುಳಿತಿದ್ದಳು.

"ನಾನು ನಿಜಾನೇ ಹೇಳಿದ್ನಲ್ಲ ಮಂಜೂ?" ಎಂದು ಕೇಳಿದಳು.

ಹೌದಮ್ಮ, ಎಂದೆ. ಅಪ್ಪ ಅವತ್ತು ಊಟಕ್ಕೆ ಏಳಲಿಲ್ಲ.